ರಾತ್ರಿ ಗಿಟಾರ್ ಎಲ್ಲಿ ಮಲಗುತ್ತದೆ? ಮೈಸೂರಿನ ಒಂದು ಉಡುಗೊರೆಯ ಪ್ರಕರಣ

ಮೈಸೂರಿನ ಚಿಕ್ಕ ಗಡಿಯಾರದ ಆಸುಪಾಸಿನಲ್ಲಿ ಸಂಜೆ ಹೊತ್ತು ಒಬ್ಬರು ಗಿಟಾರ್ ಬಾರಿಸಿಕೊಂಡು ಹಾಡುತ್ತಾರೆ. ವಯಸ್ಸು ಐವತ್ತೈದು ದಾಟಿರಬಹುದು. ಅಲ್ಲಿನ ಟೀ ಅಂಗಡಿಯವರು, ಹೂವಿನವರು ಎಲ್ಲರೂ ಅವರನ್ನು ಮೇಷ್ಟ್ರು ಅನ್ನುತ್ತಾರೆ. ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ. ಕನ್ನಡಕ ಏರಿಸಿಕೊಂಡು ಹಾಡಿನ ನೋಟ್‌ಬುಕ್ ಬಿಡಿಸುವ ಗತ್ತಿಗೆ ಬಂದ ಹೆಸರು. ಅವರ ಗುರುತು ಸಿಗದ ಹಾಗೆ ಜಾಗವನ್ನು ಸ್ವಲ್ಪ ಆಚೀಚೆ ಮಾಡಿದ್ದೇನೆ.

ಅವರಿಗೆ ಮನೆ ಇಲ್ಲ. ಅಂಗಡಿಗಳ ಶಟರ್ ಎಳೆದ ಮೇಲೆ ಆ ಜಗಲಿಯೇ ಮನೆ. ಅವರ ಗಿಟಾರ್ ಹಾಳಾಗಿತ್ತು, ಹೊಸದು ಕೊಡಿಸೋಣ ಅಂತ ನಾವು ಐದು ಜನ ಹೊರಟೆವು. ವಾರದಲ್ಲಿ ಮುಗಿಯುವ ಕೆಲಸ ಅಂದುಕೊಂಡಿದ್ದೆವು. ಏಳು ವಾರ ಹಿಡಿಯಿತು.

ಮೇಷ್ಟ್ರು, ಅವರ ಕೈ, ಅವರ ಗಿಟಾರ್

ಮದ್ದೂರು ಕಡೆಯವರು. ಹುಡುಗರಾಗಿದ್ದಾಗ ಗಣೇಶನ ಹಬ್ಬದ ಆರ್ಕೆಸ್ಟ್ರಾಗಳಲ್ಲಿ ರಿದಂ ಗಿಟಾರ್ ಬಾರಿಸುತ್ತಿದ್ದರು. ಮಂಡ್ಯ ಜಿಲ್ಲೆಯಲ್ಲಿ ಆರ್ಕೆಸ್ಟ್ರಾ ಅಂದರೆ ಸುಮ್ನೆ ಅಲ್ಲ. ಪೆಂಡಾಲ್ ಮುಂದೆ ಅಣ್ಣಾವ್ರ ಹಾಡು ಶುರುವಾದರೆ ಊರಿಗೆ ಊರೇ ಚಾಪೆ ಹಾಸಿಕೊಂಡು ಕೂರುತ್ತಿತ್ತು. ಆಮೇಲೆ ಕೀಬೋರ್ಡ್ ಬಂತು, ರಿದಂ ಪ್ಯಾಡ್ ಬಂತು, ಕೊನೆಗೆ ಟ್ರ್ಯಾಕ್ ಹಾಕಿಕೊಂಡು ಹಾಡಿದರೇ ಸಾಕು ಅನ್ನುವ ಕಾಲ ಬಂತು. ಮೇಷ್ಟ್ರು ಆಲೆಮನೆ ಕೆಲಸಕ್ಕೆ ಹೋದರು. ಅಲ್ಲಿ ಗಾಣಕ್ಕೆ ಕಬ್ಬು ಕೊಡುವಾಗ ಎಡಗೈ ಸಿಕ್ಕಿತು. ಉಂಗುರ ಬೆರಳಿನ ತುದಿ ಹೋಯಿತು, ಕಿರುಬೆರಳು ಇವತ್ತಿಗೂ ಮಡಚುವುದಿಲ್ಲ. 2020ರ ಲಾಕ್‌ಡೌನ್ ಆದ ಮೇಲೆ ಮೈಸೂರು ಸೇರಿದರು. ಮನೆಯವರ ಬಗ್ಗೆ ಕೇಳಿದರೆ ಮಾತು ಬದಲಿಸುತ್ತಾರೆ. ನಾವೂ ಕೆದಕಲಿಲ್ಲ.

ಹಾಗಾದರೆ ಉಳಿದ ಎರಡು ಬೆರಳಲ್ಲಿ ಗಿಟಾರ್ ಬಾರಿಸುವುದು ಹೇಗೆ? ನನಗೂ ಗಿಟಾರ್ ಬರುತ್ತದೆ, ಕಾಲೇಜಿನಲ್ಲಿ ಕಲಿತದ್ದು. ಒಂದು ಸಂಜೆ ಅವರ ಎಡಗೈಯನ್ನೇ ನೋಡುತ್ತಾ ನಿಂತೆ. ಇ ಮೈನರ್ ಕಾರ್ಡಿಗೆ (ಕಾರ್ಡ್ ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಎರಡೇ ಬೆರಳು ಸಾಕು. ಎ ಸೆವೆನ್‌ಗೂ ಎರಡೇ. ಸಿ ಹಿಡಿಯಬೇಕಾದ ಕಡೆ ಒಂದು ಬೆರಳು ಬಿಟ್ಟು ಸಿ ಮೇಜರ್ ಸೆವೆನ್ ಹಿಡಿಯುತ್ತಾರೆ, ಹಳೇ ಹಾಡಿಗೆ ಅದೇ ಇನ್ನೂ ಚೆನ್ನಾಗಿ ಕೂರುತ್ತದೆ. ಜಿ ಬೇಕಾದಾಗ ಹೆಬ್ಬೆರಳನ್ನು ಕತ್ತಿನ ಮೇಲಿನಿಂದ ತಂದು ದಪ್ಪ ತಂತಿಯನ್ನು ಮೂರನೇ ಮನೆಯಲ್ಲಿ ಒತ್ತುತ್ತಾರೆ. ಮನೆ ಅಂದರೆ ಕತ್ತಿನ ಮೇಲಿನ ಎರಡು ಅಡ್ಡಪಟ್ಟಿಗಳ ನಡುವಿನ ಜಾಗ. ಈ ಹೆಬ್ಬೆರಳಿನ ವಿಷಯ ಮುಂದೆ ಬರುತ್ತದೆ, ನೆನಪಿರಲಿ.

ಗಿಟಾರ್ ಕೋಲ್ಕತ್ತಾದ ಗಿವ್ಸನ್. ಅಮೆರಿಕದ ಗಿಬ್ಸನ್ ಅಲ್ಲ, ಗಿವ್ಸನ್. ನಮ್ಮ ದೇಶದಲ್ಲಿ ಎಷ್ಟೋ ಆರ್ಕೆಸ್ಟ್ರಾ ಹುಡುಗರ ಮೊದಲ ಗಿಟಾರ್ ಅದೇ. ಇದು ಬಿಸಿಲು, ಮಳೆ, ಬಸ್ಸಿನ ಟಾಪು ಎಲ್ಲ ಕಂಡಿತ್ತು. ತಂತಿ ಕಟ್ಟುವ ಬ್ರಿಜ್ ಹಿಂದಿನಿಂದ ಮೇಲೆದ್ದಿತ್ತು, ಸಂದಿಯಲ್ಲಿ ಬಸ್ ಟಿಕೆಟ್ ತೂರಿಸಬಹುದಿತ್ತು. ಕತ್ತು ಬಾಗಿತ್ತು. ಆರರಲ್ಲಿ ಐದೇ ತಂತಿ. ಒಂದು ಕೀಲಿಯನ್ನು ಕಟಿಂಗ್ ಪ್ಲೇಯರ್‌ನಲ್ಲಿ ತಿರುಗಿಸಬೇಕಿತ್ತು. ಅದರಲ್ಲೇ ದಿನಕ್ಕೆ ನೂರೈವತ್ತೋ ಇನ್ನೂರೋ ದುಡಿಯುತ್ತಿದ್ದರು. ಭಾನುವಾರ ಅರಮನೆ ದೀಪ ನೋಡಲು ಬರುವ ಜನ ಇರುವುದರಿಂದ ಸ್ವಲ್ಪ ಜಾಸ್ತಿ.

ನಮ್ಮ ಗುಂಪು, ನಮ್ಮ ಎಡವಟ್ಟು

ಐದು ಜನವೂ ಕುಕ್ಕರಹಳ್ಳಿ ಕೆರೆ ಸುತ್ತ ಬೆಳಗ್ಗೆ ನಡೆಯುವವರು. ಹದಿನಾಲ್ಕೂವರೆ ಸಾವಿರ ಸೇರಿತು. ಗುಂಪಿನಲ್ಲಿದ್ದ ನಿವೃತ್ತ ಮೇಡಂ ಒಬ್ಬರು ಮಾತ್ರ ಮೊದಲಿಂದಲೂ ತಕರಾರು. "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು ಅಂದ ಹಾಗಾಯ್ತು. ಆ ದುಡ್ಡಲ್ಲಿ ಒಂದು ರೂಮಿನ ಅಡ್ವಾನ್ಸ್ ಆದ್ರೂ ಕೊಡೋಣ" ಅಂದರು. ನ್ಯಾಯವಾದ ಮಾತೇ. ಆದರೆ ಅಡ್ವಾನ್ಸ್ ಕೊಟ್ಟ ಮೇಲೆ ತಿಂಗಳ ಬಾಡಿಗೆ ಯಾರು ಕಟ್ಟುತ್ತಾರೆ? ಉತ್ತರ ಯಾರ ಹತ್ತಿರವೂ ಇರಲಿಲ್ಲ. ಟೀ ಅಂಗಡಿಯ ಅಕ್ಕ ಈ ಮಾತು ಕೇಳಿ ಒಂದೇ ಏಟಿಗೆ ಮುಗಿಸಿದರು: "ಮೇಡಂ, ಅವ್ರಿಗೆ ಹಿಟ್ಟು ಬರೋದೇ ಆ ಮಲ್ಲಿಗೆ ಹೂವಿಂದ."

ಮೊದಲ ಎಡವಟ್ಟು ಮಾಡಿದ್ದು ನಮ್ಮಲ್ಲೇ ಚುರುಕಾದ ಒಬ್ಬ ಗೆಳೆಯ. ಯಾರನ್ನೂ ಕೇಳದೆ ಆನ್‌ಲೈನಲ್ಲಿ ಎರಡು ಸಾವಿರದ ಎಂಟುನೂರಕ್ಕೆ ಒಂದು ನೀಲಿ ಗಿಟಾರ್ ತರಿಸಿದ. ಬ್ಯಾಗು, ಬೆಲ್ಟು, ಪಿಕ್ಕು ಎಲ್ಲ ಜೊತೆಗೇ ಬಂತು. ಕಂಪನಿ ಹೆಸರು ಬೇಡ. ಹನ್ನೆರಡನೇ ಮನೆಯ ಹತ್ತಿರ ತಂತಿಗೂ ಪಟ್ಟಿಗೂ ನಡುವೆ ನಾಲ್ಕು ಮಿಲಿಮೀಟರ್ ಜಾಗ ಇತ್ತು. ಎರಡು, ಎರಡೂವರೆ ಇದ್ದರೆ ಬೆರಳಿಗೆ ಸುಖ. ನಾಲ್ಕು ಅಂದರೆ ಒಳ್ಳೇ ಕೈಯಿದ್ದವನೂ ಹತ್ತು ನಿಮಿಷಕ್ಕೆ ಕೆಳಗಿಡುತ್ತಾನೆ. ಸರಿಮಾಡಲು ಕತ್ತಿನೊಳಗೆ ಟ್ರಸ್ ರಾಡ್ ಅನ್ನುವ ಕಬ್ಬಿಣದ ಸರಳೂ ಇರಲಿಲ್ಲ. ಈಗ ಅದು ಅವನ ಮಗಳ ರೂಮಿನ ಗೋಡೆ ಮೇಲಿದೆ, ನೋಡಲು ಚೆನ್ನಾಗಿದೆ.

ಎರಡನೇ ಎಡವಟ್ಟು ನನ್ನದು, ಮೊದಲನೆಯದಕ್ಕಿಂತ ದೊಡ್ಡದು. ಮುಂಭಾಗದ ಹಲಗೆ ಗಟ್ಟಿ, ಅಂದರೆ ಪದರ ಅಂಟಿಸದ ಇಡೀ ಸ್ಪ್ರೂಸ್ ಮರದ್ದೇ ಇರಬೇಕು, ತಂತಿಯ ದನಿಯನ್ನು ಆಂಪ್ಲಿಫೈಯರಿಗೆ ಕಳಿಸುವ ಪಿಕಪ್ ಇರಬೇಕು, ಜೊತೆಗೆ ಒಂದು ಪುಟ್ಟ ಆಂಪ್ಲಿಫೈಯರ್ ಇರಬೇಕು ಅಂತ ನಾನು ಪಟ್ಟು ಹಿಡಿದೆ. ಗಟ್ಟಿ ಮರದ ಹಲಗೆ ವರ್ಷ ಕಳೆದಂತೆ ನಾದ ಬಿಡುತ್ತದೆ, ಪ್ಲೈ ಹಲಗೆ ಹಾಗಲ್ಲ ಅಂತ ವಾಟ್ಸ್ಆ್ಯಪಿನಲ್ಲಿ ಉದ್ದುದ್ದ ಬರೆದೆ. ಬರೆದದ್ದು ಸುಳ್ಳಲ್ಲ. ಆದರೆ ಗಟ್ಟಿ ಹಲಗೆ ಗಾಳಿಯ ತೇವಕ್ಕೆ ಹಿಗ್ಗುತ್ತದೆ, ಒಣ ಹವೆಗೆ ಕುಗ್ಗುತ್ತದೆ. ಅದಕ್ಕೆ ಬೇಕಾದ ತೇವ ನೂರಕ್ಕೆ ನಲವತ್ತೈದರಿಂದ ಐವತ್ತೈದು. ನನ್ನ ಮನೆಯ ಕಪಾಟಿನಲ್ಲಿ ಅದನ್ನು ಹೇಗೋ ಕಾಪಾಡಬಹುದು. ಫೆಬ್ರವರಿಯ ಒಣಗಾಳಿ, ಮೇ ತಿಂಗಳ ಆಲಿಕಲ್ಲು ಮಳೆ, ದಸರಾ ಹೊತ್ತಿನ ಜಡಿಮಳೆ ಎಲ್ಲವನ್ನೂ ಜಗಲಿ ಮೇಲೆ ಕಳೆಯುವ ಗಿಟಾರಿಗೆ ಅದು ಸಾವು. ಹಲಗೆ ಸೀಳುತ್ತದೆ. ನಾನು ಮೇಷ್ಟ್ರಿಗೆ ಗಿಟಾರ್ ಆರಿಸುತ್ತಿರಲಿಲ್ಲ, ನನಗೆ ಬೇಕಾಗಿದ್ದನ್ನು ಅವರ ಹೆಸರಲ್ಲಿ ಆರಿಸುತ್ತಿದ್ದೆ. ಇದು ಹೊಳೆಯಲು ಐದು ವಾರ ಬೇಕಾಯಿತು.

ಇಷ್ಟೆಲ್ಲ ಆದರೂ ಯಾರೂ ಅವರನ್ನು ಒಂದು ಮಾತು ಕೇಳಿರಲಿಲ್ಲ, ನೋಡಿ. ಸರ್‌ಪ್ರೈಸ್ ಕೊಡಬೇಕಂತೆ!

ಕೇಳಿದ ಸಂಜೆ

ಕೊನೆಗೆ ಮೇಡಂ ಅವರೇ ಹೋಗಿ ಕೇಳಿದರು. ನಾನೂ ಜೊತೆಗಿದ್ದೆ. "ಮೇಷ್ಟ್ರೇ, ನಿಮಗೊಂದು ಹೊಸ ಗಿಟಾರ್ ಕೊಡಿಸಬೇಕು ಅಂತಿದೀವಿ. ಎಂಥದ್ದು ಬೇಕು?"

ಅವರು ಖುಷಿಪಡುತ್ತಾರೆ ಅಂದುಕೊಂಡಿದ್ದೆವು. ಅವರು ಯೋಚನೆಗೆ ಬಿದ್ದರು. ಟೀ ಲೋಟ ಕೆಳಗಿಟ್ಟು ಕೇಳಿದರು: "ಸರಿ ತಾಯಿ. ಅದ್ನ ರಾತ್ರಿ ಎಲ್ಲಿ ಮಲಗ್ಸದು?"

ಆಮೇಲೆ ಬಿಡಿಸಿ ಹೇಳಿದರು. ಹಳೇ ಗಿಟಾರನ್ನು ತಬ್ಬಿಕೊಂಡು ಮಲಗುತ್ತಾರೆ. ಅದನ್ನು ಯಾರೂ ಕದಿಯುವುದಿಲ್ಲ, ಕದ್ದರೂ ಮಾರಲಾಗುವುದಿಲ್ಲ. ಹೊಸದು ಫಳಫಳ ಅಂದರೆ ರಾತ್ರಿ ನಿದ್ದೆ ಬರುವುದಿಲ್ಲ. ಕಳ್ಳರಿಗಿಂತ ಹೆಚ್ಚಿಗೆ ಇನ್ನೊಂದು ಭಯ. "ಇದು ಎಲ್ಲಿಂದ ಎತ್ಕೊಂಡ್ ಬಂದೆ ಅಂತ ಯಾರಾದ್ರೂ ಕೇಳಿದ್ರೆ ನಾನೇನ್ ಹೇಳ್ಲಿ ಸಾ? ನನ್ನ ಮುಖ ನೋಡಿ, ಗಿಟಾರ್ ನೋಡಿ, ಯಾರ್ ನಂಬ್ತರೆ?"

ಆಂಪ್ಲಿಫೈಯರ್ ಮಾತೆತ್ತಿದೆ. ಬೇಡವೇ ಬೇಡ ಅಂದರು. ಚಾರ್ಜ್ ಎಲ್ಲಿ ಮಾಡುವುದು ಅನ್ನುವುದು ಒಂದು. ಸದ್ದು ಜೋರಾದರೆ ಅಂಗಡಿಯವರು ಎಬ್ಬಿಸುತ್ತಾರೆ ಅನ್ನುವುದು ಇನ್ನೊಂದು. ಅವರು ಅಲ್ಲಿ ಕೂರುವುದು ಯಾರದೋ ಸಹನೆಯ ಮೇಲೆ. ಕರ್ನಾಟಕದಲ್ಲಿ ಭಿಕ್ಷಾಟನೆ ತಡೆಯಲು 1975ರ ಕಾಯ್ದೆ ಇದೆ, ನಾವು ಕಟ್ಟುವ ಆಸ್ತಿ ತೆರಿಗೆಯ ಜೊತೆ 3% ಭಿಕ್ಷುಕರ ಸೆಸ್ ಕೂಡ ಹೋಗುತ್ತದೆ. ಹಾಡಿ ದುಡಿಯುವುದಕ್ಕೂ ಬೇಡುವುದಕ್ಕೂ ನಡುವಿನ ಗೆರೆ ಮೇಷ್ಟ್ರ ಮನಸ್ಸಿನಲ್ಲಿ ಬಹಳ ಸ್ಪಷ್ಟ. ಮುಂದೆ ಟವಲ್ ಹಾಸುವುದಿಲ್ಲ, ಗಿಟಾರ್ ಬ್ಯಾಗನ್ನು ಬಿಡಿಸಿ ಇಡುತ್ತಾರೆ. ನೋಡುವವರಿಗೆ ಆ ಗೆರೆ ಕಾಣಬೇಕಲ್ಲ.

ಅವತ್ತು ಅವರು ಕೇಳಿದ್ದು ಎರಡೇ. "ತಂತಿ ವಸಿ ಮೆತ್ತಗಿರ್ಲಿ. ಕತ್ತು ಸಣ್ಣಕ್ಕಿರ್ಲಿ."

ಯಾವುದು ಬೇಡ, ಯಾಕೆ ಬೇಡ

ತಂತಿ ಮೆತ್ತಗೆ ಅಂದ ಕೂಡಲೇ ಎಲ್ಲರ ಬಾಯಿಗೂ ಬಂದದ್ದು ನೈಲಾನ್. ಲೆಕ್ಕಕ್ಕೆ ಸರಿಯೇ. ಸಾಮಾನ್ಯ ಸ್ಟೀಲ್ ತಂತಿಗಳು ಆರೂ ಸೇರಿ ಗಿಟಾರನ್ನು ಎಳೆಯುವ ಬಲ ಸುಮಾರು 74 ಕಿಲೋ. ನೈಲಾನ್ ಆದರೆ ಸುಮಾರು 40. ಬೆರಳಿಗೆ ಹಿತ, ಮಳೆಗೆ ತುಕ್ಕೂ ಹಿಡಿಯುವುದಿಲ್ಲ. ಆದರೆ ನೈಲಾನ್ ಗಿಟಾರಿನ ಕತ್ತು ಅಗಲ, ಮೇಲ್ತುದಿಯಲ್ಲಿ ಸುಮಾರು 52 ಮಿಲಿಮೀಟರ್. ಸ್ಟೀಲ್ ಗಿಟಾರಿನದು 43ರ ಹತ್ತಿರ. ಮೇಷ್ಟ್ರ ಹೆಬ್ಬೆರಳು ಆ ಅಗಲದ ಕತ್ತನ್ನು ಬಳಸಿ ಬರುವುದಿಲ್ಲ. ಹೆಬ್ಬೆರಳು ಬರದಿದ್ದರೆ ಜಿ ಇಲ್ಲ, ಜಿ ಇಲ್ಲದಿದ್ದರೆ ಅವರ ಅರ್ಧ ಹಾಡುಗಳಿಲ್ಲ. ಜೊತೆಗೆ ನೈಲಾನಿನ ದನಿ ಮೆತ್ತಗೆ. ಕೆ.ಆರ್. ಸರ್ಕಲ್ ಕಡೆಯಿಂದ ಬರುವ ಸಿಟಿ ಬಸ್ಸಿನ ಹಾರ್ನ್ ಮುಂದೆ ಅದು ಏನು ಕೇಳಿಸೀತು?

ಮುಕ್ಕಾಲು ಸೈಜಿನದು ನನಗೆ ತುಂಬ ಹಿಡಿಸಿತ್ತು. ತಂತಿಯ ಉದ್ದ ಕಡಿಮೆಯಾದರೆ ಎಳೆತವೂ ಕಡಿಮೆ, ಮನೆಗಳೂ ಹತ್ತಿರ ಹತ್ತಿರ. ತಬ್ಬಿಕೊಂಡು ಮಲಗಲೂ ಸಲೀಸು. ಒಂದನ್ನು ಗೆಳೆಯರಿಂದ ಕೇಳಿ ತಂದು ಅವರ ಕೈಗೆ ಕೊಟ್ಟೆ. ಎರಡು ಸಲ ಬಾರಿಸಿ ನಕ್ಕು ವಾಪಸ್ ಕೊಟ್ಟರು. "ಮಕ್ಕಳ ಗಿಟಾರು ಸಾ ಇದು. ನಾನು ಆರ್ಕೆಸ್ಟ್ರಾದೋನು." ಅದಕ್ಕೆ ನನ್ನ ಹತ್ತಿರ ಯಾವ ಲೆಕ್ಕವೂ ಇರಲಿಲ್ಲ. ಅಲ್ಲಿಗೆ ಆ ದಾರಿ ಮುಚ್ಚಿತು.

ಹಳೆಯದನ್ನೇ ರಿಪೇರಿ ಮಾಡಿಸುವುದು? ವಾದ್ಯ ರಿಪೇರಿ ಮಾಡುವವರಿಗೆ ತೋರಿಸಿದೆವು. ಅವರು ಕತ್ತಿನ ಉದ್ದಕ್ಕೂ ಒಂದು ಕಣ್ಣು ಮುಚ್ಚಿ ನೋಡಿ ತಲೆಯಾಡಿಸಿದರು. ಬ್ರಿಜ್ ಅಂಟಿಸಬಹುದು, ಕತ್ತು ನೆಟ್ಟಗಾಗುವುದಿಲ್ಲ. ಬಿಸಿಲಿನಲ್ಲಿ ಇಟ್ಟಿದ್ದಕ್ಕೆ ಗೋಂದು ಮೆತ್ತಗಾಗಿ ಬಿಟ್ಟಿದೆ, ಮತ್ತೆ ಬಿಸಿಲಿಗಿಟ್ಟರೆ ಮತ್ತೆ ಬಿಡುತ್ತದೆ ಅಂದರು.

ಕೊಂಡದ್ದು

ಸೆಕೆಂಡ್ ಹ್ಯಾಂಡ್ ಯಮಹಾ ಎಫ್310. ಸರಸ್ವತಿಪುರಂನ ಪಿಜಿಯಲ್ಲಿದ್ದ ಇಂಜಿನಿಯರಿಂಗ್ ಹುಡುಗನೊಬ್ಬ ಓದು ಮುಗಿಸಿ ಊರು ಬಿಡುತ್ತಿದ್ದ. ಐದು ಸಾವಿರಕ್ಕೆ ಕೊಟ್ಟ. ಮೈಸೂರಿನಲ್ಲಿ ಇದೊಂದು ಅನುಕೂಲ. ಕಾಲೇಜು ಮುಗಿಯುವ ಕಾಲಕ್ಕೆ ಕಲಿಯದೇ ಬಿಟ್ಟ ಗಿಟಾರುಗಳು ಬೇಕಾದಷ್ಟು ಸಿಗುತ್ತವೆ.

ನಾನು ವಾಟ್ಸ್ಆ್ಯಪಿನಲ್ಲಿ ಬೈದಿದ್ದ ಪ್ಲೈ ಹಲಗೆಯೇ ಇದರದು. ಪದರದ ಮೇಲೆ ಪದರ ಅಂಟಿಸಿದ್ದರಿಂದ ಹವೆ ಬದಲಾದರೂ ಸುಲಭಕ್ಕೆ ಸೀಳುವುದಿಲ್ಲ. ಕತ್ತು 43 ಮಿಲಿಮೀಟರ್. ತಂತಿಯ ಉದ್ದ 634 ಮಿಲಿಮೀಟರ್, ದೊಡ್ಡ ಗಿಟಾರುಗಳ 648ಕ್ಕಿಂತ ಒಂದು ಚೂರು ಗಿಡ್ಡ. ಆದರೆ ನೋಡಲು ಪೂರಾ ಗಿಟಾರ್, ಆರ್ಕೆಸ್ಟ್ರಾದವರ ಮಾನಕ್ಕೆ ಕುಂದಿಲ್ಲ. ಟ್ರಸ್ ರಾಡ್ ಇದೆ. ಪಕ್ಕೆಯ ಮೇಲೆ ಉದ್ದಕ್ಕೆ ಎರಡು ಗೀರು ಇದ್ದವು. ಹುಡುಗ ಅದಕ್ಕೆ ಸಂಕೋಚಪಟ್ಟ. ನಮಗೆ ಆ ಗೀರು ಬೇಕಿತ್ತು. ಫಳಫಳ ಇಲ್ಲ ಅಲ್ವಾ!

ರಿಪೇರಿಯವರು ಅಲೆನ್ ಕೀ ಹಾಕಿ ಕತ್ತು ಸರಿಮಾಡಿದರು. ದಪ್ಪ ತಂತಿ ಹನ್ನೆರಡನೇ ಮನೆಯಲ್ಲಿ ಮೂರು ಮಿಲಿಮೀಟರಿಗಿಂತ ಮೇಲಿತ್ತು. ಅಲ್ಲಿ ಒಂದು ಇಳಿಯಬೇಕಾದರೆ ಬ್ರಿಜ್ ಮೇಲಿನ ಸ್ಯಾಡಲ್ ಪಟ್ಟಿಯನ್ನು ಎರಡು ಮಿಲಿಮೀಟರ್ ಉಜ್ಜಬೇಕು. ಸ್ವಲ್ಪ ಸ್ವಲ್ಪವೇ ಉಜ್ಜಿ, ಮೇಷ್ಟ್ರ ಕೈಗೆ ಕೊಟ್ಟು, ಮತ್ತೆ ಉಜ್ಜಿ, ಅರ್ಧ ದಿನ ತೆಗೆದುಕೊಂಡರು. ಎಂಟುನೂರು ರೂಪಾಯಿ ಕೊಟ್ಟೆವು. ಇಡೀ ಖರ್ಚಿನಲ್ಲಿ ನನಗೆ ಅತ್ಯಂತ ಸಾರ್ಥಕ ಅನ್ನಿಸಿದ್ದು ಈ ಎಂಟುನೂರು. ಗಿಟಾರ್ ಕೊಡುವವರು ಮರೆಯುವುದೂ ಇದನ್ನೇ.

ತಂತಿ ಹತ್ತರ ಸೆಟ್ ಹಾಕಿಸಿದೆವು, ಅಂದರೆ ಸಣ್ಣ ತಂತಿ ಒಂದು ಇಂಚಿನ ಸಾವಿರದಲ್ಲಿ ಹತ್ತು ಪಾಲಿನಷ್ಟು ದಪ್ಪ. ಆರೂ ಸೇರಿ ಎಳೆತ ಸುಮಾರು 60 ಕಿಲೋ. ಆಮೇಲೆ ಮೇಷ್ಟ್ರೇ ಒಂದು ಉಪಾಯ ಮಾಡಿದರು. ಎಲ್ಲ ತಂತಿಗಳನ್ನೂ ಒಂದೊಂದು ಸ್ವರ ಇಳಿಸಿದರು. ಹಾಗೆ ಮಾಡಿದರೆ ಎಳೆತ ಐದರಲ್ಲಿ ಒಂದು ಪಾಲು ಕಡಿಮೆಯಾಗುತ್ತದೆ, ಲೆಕ್ಕ ಹಾಕಿದರೆ 48 ಕಿಲೋ ಹತ್ತಿರ. ನೈಲಾನಿಗಿಂತ ತುಸುವೇ ಜಾಸ್ತಿ. ದಪ್ಪ ತಂತಿ ಜೋರಾಗಿ ಹೊಡೆದರೆ ಸ್ವಲ್ಪ ಝುಂ ಅನ್ನುತ್ತದೆ. "ಅನ್ಲಿ ಬುಡಿ ಸಾ, ತಂಬೂರಿ ಇದ್ದಂಗಿರ್ತದೆ" ಅಂದರು. ಅವರ ಗಂಟಲಿಗೂ ಈಗ ಆ ತಗ್ಗಿನ ಶ್ರುತಿಯೇ ಸರಿಯಂತೆ, ಹಳೇ ಗಿಟಾರಿನಲ್ಲೂ ಇಳಿಸಿಯೇ ಬಾರಿಸುತ್ತಿದ್ದರಂತೆ. ಇಷ್ಟು ವರ್ಷದ ನನ್ನ ಗಿಟಾರ್ ಜ್ಞಾನ ಈ ಮಾತನ್ನು ಕೇಳಿಸಿಕೊಳ್ಳುತ್ತಾ ಸುಮ್ಮನೆ ನಿಂತಿತ್ತು.

ಬಾಕಿ ಸಾಮಾನು: ಮೂರು ಸೆಟ್ ತಂತಿ ಸಾವಿರದ ಐವತ್ತು, ಕತ್ತಿಗೆ ಸಿಕ್ಕಿಸಿ ತಂತಿಗಳನ್ನು ಒತ್ತಿಹಿಡಿಯುವ ಕ್ಯಾಪೊ ಮುನ್ನೂರೈವತ್ತು, ಗಿಟಾರಿನ ತಲೆಗೆ ಸಿಕ್ಕಿಸಿ ಶ್ರುತಿ ನೋಡುವ ಟ್ಯೂನರ್ ನಾನೂರು, ಪಿಕ್ಕುಗಳು ನೂರು, ದಪ್ಪ ಫೋಮಿನ ಬ್ಯಾಗು ಒಂಬೈನೂರು. ಮಳೆಗೆ ಏನು ಮಾಡುವುದು ಅಂತ ಯೋಚಿಸುವಾಗ ಆಟೋ ಹುಡ್ ಹೊಲಿಯುವವರು ನೆನಪಾದರು. ಬ್ಯಾಗಿನ ಅಳತೆ ಕೊಟ್ಟರೆ ಕಪ್ಪು ರೆಕ್ಸಿನ್‌ನಲ್ಲಿ ಒಂದು ಹೊರಚೀಲ ಹೊಲಿದುಕೊಟ್ಟರು, ನಾನೂರೈವತ್ತು. ಆಟೋ ಟಾಪಿನ ಮೇಲೆ ಸುರಿಯುವ ಮಳೆ ತಡೆಯುವ ಹೊಲಿಗೆ ಇದನ್ನೂ ತಡೆಯಿತು. ಎಲ್ಲ ಸೇರಿ ಒಂಬತ್ತು ಸಾವಿರದ ಐವತ್ತು.

ಇನ್ನು ಮಲಗುವ ಜಾಗ. ಇದನ್ನು ಬಗೆಹರಿಸಿದ್ದು ಟೀ ಅಂಗಡಿ ಅಕ್ಕ. ರಾತ್ರಿ ಒಂಬತ್ತಕ್ಕೆ ಬಾಗಿಲು ಹಾಕುವಾಗ ಗಿಟಾರ್ ಒಳಗೆ, ಬೆಳಗ್ಗೆ ಐದೂವರೆಗೆ ತೆಗೆದಾಗ ಹೊರಗೆ. ಒಲೆಯ ಶಾಖ ತಾಗದ ಹಾಗೆ ಹಿಂದಿನ ಗೋಡೆಗೆ ಒಂದು ಮೊಳೆ ಹೊಡೆದು ರಬ್ಬರ್ ಸುತ್ತಿದರು. ಬಾಡಿಗೆ ಅಂತ ಏನಾದರೂ ಕೊಡೋಣವಾ ಅಂದಿದ್ದಕ್ಕೆ ಬೈದರು.

ಆ "ಎಲ್ಲಿಂದ ಎತ್ಕೊಂಡ್ ಬಂದೆ" ಪ್ರಶ್ನೆಗೆ ಒಂದು ಕಾಗದ ಮಾಡಿದೆವು. ಇಂಥ ನಂಬರಿನ ಗಿಟಾರನ್ನು ನಾವು ಐದು ಜನ ಇವರಿಗೆ ಉಡುಗೊರೆಯಾಗಿ ಕೊಟ್ಟಿದ್ದೇವೆ, ಅನುಮಾನ ಇದ್ದರೆ ಫೋನ್ ಮಾಡಿ ಅಂತ ಎರಡು ಸಾಲು, ಐದು ಸಹಿ, ಗಿಟಾರ್ ಹಿಡಿದ ಮೇಷ್ಟ್ರ ಫೋಟೋ. ಜೆರಾಕ್ಸ್ ಅಂಗಡಿಯಲ್ಲಿ ಲ್ಯಾಮಿನೇಷನ್ ಮಾಡಿಸಿ ಬ್ಯಾಗಿನ ಜೇಬಿಗೆ ಇಟ್ಟೆವು. ಇದಕ್ಕೆ ಕಾನೂನಿನ ಬೆಲೆ ಎಷ್ಟೋ, ಆದರೆ ಇಲ್ಲಿಯವರೆಗೆ ಎರಡು ಸಲ ಉಪಯೋಗಕ್ಕೆ ಬಂದಿದೆ. ಒಂದು ಸಲ ನನಗೇ ಫೋನ್ ಬಂತು. "ಹೌದು ಸರ್, ಅವರದೇ" ಅಂದೆ, ಅಷ್ಟಕ್ಕೆ ಮುಗಿಯಿತು.

ಉಳಿದ ಐದು ಸಾವಿರದ ನಾನೂರೈವತ್ತರ ಬಗ್ಗೆ ಗುಂಪಿನಲ್ಲಿ ಗಿಟಾರಿಗಿಂತ ಹೆಚ್ಚು ಜಗಳ ಆಯಿತು. ಕೈಗೆ ಕೊಟ್ಟರೆ ಖರ್ಚು ಮಾಡಿಬಿಡುತ್ತಾರೆ ಅಂತ ಇಬ್ಬರು. ಖರ್ಚು ಮಾಡಲಿಕ್ಕೇ ಅಲ್ವಾ ದುಡ್ಡು ಅಂತ ಮೇಡಂ. ಕೊನೆಗೆ ಮೇಷ್ಟ್ರ ಇಷ್ಟದಂತೆ ಅಕ್ಕನ ಹತ್ತಿರವೇ ಇಟ್ಟಿದ್ದಾಯಿತು, ತಂತಿಗೆ ಅಂತ. ಎರಡು ತಿಂಗಳಾದ ಮೇಲೆ ಅದರಲ್ಲಿ ಸಾವಿರದ ಇನ್ನೂರು ಜ್ವರದ ಮಾತ್ರೆಗೂ ಊಟಕ್ಕೂ ಹೋಯಿತು. ಇಬ್ಬರಲ್ಲಿ ಒಬ್ಬರು "ನಾನು ಹೇಳಿರಲಿಲ್ವಾ" ಅಂದರು. ಏನು ಹೇಳಿದ್ದರೋ ನನಗಂತೂ ಅರ್ಥವಾಗಲಿಲ್ಲ.

ಆರು ತಿಂಗಳು ಆದ ಮೇಲೆ

ಟ್ಯೂನರ್ ಕಳೆದುಹೋಯಿತು. ಅವರಿಗೆ ಅದು ಬೇಕೂ ಇರಲಿಲ್ಲ. ಕ್ಯಾಪೊ ಬಳಸುವುದೇ ಇಲ್ಲ, ನೋಟ್‌ಬುಕ್ಕಿನ ಹಾಳೆ ಗಾಳಿಗೆ ಹಾರದಂತೆ ಅದನ್ನು ಸಿಕ್ಕಿಸಿದ್ದಾರೆ. ಅಂದರೆ ನಾನು ಸೇರಿಸಿದ ಏಳುನೂರೈವತ್ತು ರೂಪಾಯಿ ದಂಡ. ತಂತಿ ಒಂದು ಸೆಟ್ ಎರಡು ತಿಂಗಳು ಬರುತ್ತಿದೆ, ಬಾರಿಸಿ ಮುಗಿದ ಮೇಲೆ ಹಳೇ ಪಂಚೆ ತುಂಡಿನಲ್ಲಿ ಬೆವರು ಒರೆಸುತ್ತಾರೆ. ದಿನದ ದುಡಿಮೆ ಮುನ್ನೂರರ ಹತ್ತಿರ ಹೋಗಿದೆ. ಗಿಟಾರ್ ಚೆನ್ನಾಗಿದೆ ಅಂತಲ್ಲ, ಈಗ ಬೆರಳು ನೋಯದೆ ಎರಡು ಗಂಟೆ ಜಾಸ್ತಿ ಕೂರುತ್ತಾರೆ.

ಹಳೇ ಗಿಟಾರನ್ನು ಬಿಸಾಡುತ್ತಾರೆ ಅಂದುಕೊಂಡಿದ್ದೆ. ಇಲ್ಲ. ಹೊಸದು ಅಂಗಡಿಯಲ್ಲಿ ಮಲಗುತ್ತಿತ್ತು, ಹಳೆಯದು ಎಂದಿನಂತೆ ಅವರ ಪಕ್ಕದಲ್ಲಿ.

ದಸರಾಗೆ ಸ್ವಲ್ಪ ಮುಂಚೆ ಒಂದು ರಾತ್ರಿ ಜಗಲಿಗಳ ಮೇಲೆ ಮಲಗಿದ್ದವರನ್ನೆಲ್ಲ ಎಬ್ಬಿಸಿ ಗಾಡಿ ಹತ್ತಿಸಿದರು. ಮೇಷ್ಟ್ರು ಹನ್ನೊಂದು ದಿನ ಕಾಣಲಿಲ್ಲ. ಅಕ್ಕ ದಿನಾ ಗಿಟಾರಿನ ಧೂಳು ಒರೆಸಿ ಮತ್ತೆ ಮೊಳೆಗೆ ಹಾಕುತ್ತಿದ್ದರು. ಹನ್ನೆರಡನೇ ದಿನ ಬೆಳಗ್ಗೆ ಗಡ್ಡ ಬೋಳಿಸಿಕೊಂಡು ಬಂದು ಬೆಂಚಿನ ಮೇಲೆ ಕೂತಿದ್ದರು. ಹಳೇ ಗಿಟಾರ್ ಇರಲಿಲ್ಲ. ಗಾಡಿ ಹತ್ತುವಾಗಲೋ ಇಳಿಯುವಾಗಲೋ ಎಲ್ಲೋ ಹೋಯಿತಂತೆ. ಅದರ ಬಗ್ಗೆ ಹೆಚ್ಚು ಮಾತಾಡಲಿಲ್ಲ. ಅಕ್ಕ ಹೊಸದನ್ನು ತಂದು ಕೊಟ್ಟಾಗ ಬಾರಿಸಲಿಲ್ಲ, ತೊಡೆಯ ಮೇಲಿಟ್ಟುಕೊಂಡು ಟೀ ಕುಡಿದರು.

ಮೊನ್ನೆ ಕೇಳಿದೆ, "ಈಗ ರಾತ್ರಿ ಪಕ್ಕದಲ್ಲಿ ಏನೂ ಇಲ್ಲವಲ್ಲ ಮೇಷ್ಟ್ರೇ?"

"ಬ್ಯಾಗ್ ಐತಲ್ಲ ಸಾ" ಅಂದರು. ಗಿಟಾರನ್ನು ಬರೀ ರೆಕ್ಸಿನ್ ಚೀಲದಲ್ಲಿ ಅಂಗಡಿಗೆ ಕೊಡುತ್ತಾರಂತೆ. ಫೋಮಿನ ಬ್ಯಾಗಿಗೆ ಬಟ್ಟೆ ತುಂಬಿಕೊಂಡು ಅದನ್ನೇ ತಬ್ಬಿಕೊಂಡು ಮಲಗುತ್ತಾರಂತೆ. "ಮೆತ್ತಗೂ ಐತೆ."